ಸಂಶಿ ಅಂತ ಟೈಪ್ ಮಾಡೋದು ಹೇಗೆ?

ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆ ಹೊರಟ ಪ್ಯಾಸೆಂಜರ್ ರೈಲು ಕುಂದಗೋಳ ದಾಟಿದ ಮೇಲೆ ಸಂಶಿ ಅನ್ನೋ ಸಣ್ಣ ಸ್ಟೇಷನ್ ಬರುತ್ತೆ. ರೈಲ್ವೆ ಇಂಗ್ಲಿಷಿನಲ್ಲಿ ಈ ಊರಿನ ಹೆಸರು ಎಸ್, ಎ, ಯು, ಎನ್, ಎಸ್, ಎಚ್, ಐ. ಟಿಕೆಟ್ ಬುಕ್ ಮಾಡಿದವರಿಗೆ ಗೊತ್ತು. ಈಗ ಅದೇ ಇಂಗ್ಲಿಷ್ ಅಕ್ಷರಗಳನ್ನ ಅಕ್ಷರಕ್ಕೆ ಅಕ್ಷರ ಅಂತ ಕನ್ನಡಕ್ಕೆ ತಂದರೆ ಸಿಗೋದು 'ಸೌನ್ಶಿ'. ಕುಂದಗೋಳ ತಾಲ್ಲೂಕಿನಲ್ಲಿ ಅಂಥ ಊರಿಲ್ಲ.

ಬ್ರಿಟಿಷರ ಕಾಲದಲ್ಲಿ ಯಾರೋ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದುಕೊಂಡಿರಬೇಕು, ಪಾಪ, ಅವನ ತಪ್ಪೇನಿಲ್ಲ. ತಮಾಷೆ ಏನಂದ್ರೆ, ಇವತ್ತು ನಾವೆಲ್ಲ ದಿನಾ ಆ ಗುಮಾಸ್ತನ ಕೆಲಸವನ್ನೇ ಮಾಡ್ತಾ ಇದೀವಿ. ಮನಸ್ಸಿನಲ್ಲಿ ಕನ್ನಡ ಹುಟ್ಟುತ್ತೆ, ಅದನ್ನ ಇಂಗ್ಲಿಷ್ ಸ್ಪೆಲಿಂಗಿಗೆ ಇಳಿಸ್ತೀವಿ, ಯಂತ್ರ ವಾಪಸ್ ಕನ್ನಡಕ್ಕೆ ಏರಿಸುತ್ತೆ. ಅಥವಾ ಏರಿಸೋದೇ ಇಲ್ಲ, ವಾಟ್ಸಾಪಿನಲ್ಲಿ ಇಂಗ್ಲಿಷ್ ಲಿಪಿಯಲ್ಲೇ ಬಿಟ್ಟುಬಿಡ್ತೀವಿ. ಕೆ, ಎ, ಎಲ್, ಯು ಅಂತ ಯಾರಾದ್ರೂ ಬರೆದರೆ ಅದು ಕಾಲೋ, ಕಾಳೋ, ಕಲ್ಲಿನ ಅರ್ಧಂಬರ್ಧವೋ ನೀವೇ ಊಹಿಸಬೇಕು. ನಮ್ಮ ಕಡೆ ಹೆಸರುಕಾಳಿನ ರೇಟು ಕೇಳಿ ಮೆಸೇಜು ಬರೋ ಸೀಸನ್ನಿನಲ್ಲಿ ಇದು ಬರೀ ಭಾಷಾಶಾಸ್ತ್ರದ ಪ್ರಶ್ನೆ ಅಲ್ಲ.

ಇದಕ್ಕೆ ಬೇರೆ ದಾರಿ ಇದೆ. ಸಂಶಿ ಅಂತ ನೇರವಾಗಿ ನಾಲ್ಕೇ ಕೀಲಿಯಲ್ಲಿ ಬರೆಯಬಹುದು: ಸ, ಸೊನ್ನೆ, ಶ, ಗುಡಿಸು. ಈ ನಾಲ್ಕು ಕೀಲಿಗಳ ಹಿಂದೆ ಅರ್ಧ ಶತಮಾನದ ಕಥೆಯಿದೆ, ಅದನ್ನ ಹೇಳೋಣ ಅಂತ ಈ ಬರಹ.

ಮೊದಲು ಕೀಬೋರ್ಡಿನ ತಾಯಿಬೇರು. ಅಮೆರಿಕದ ಮಿಲ್ವಾಕಿಯ ಕ್ರಿಸ್ಟೋಫರ್ ಶೋಲ್ಸ್ ಮತ್ತು ಗೆಳೆಯರು ಟೈಪ್‌ರೈಟರ್‌ಗೆ ಪೇಟೆಂಟ್ ತಗೊಂಡದ್ದು 1868ರಲ್ಲಿ. ಬಂದೂಕು ಮಾಡ್ತಿದ್ದ ರೆಮಿಂಗ್ಟನ್ ಕಂಪನಿ ಅದನ್ನ 1874ರ ಹೊತ್ತಿಗೆ ಮಾರುಕಟ್ಟೆಗೆ ತಂತು. ಕ್ವರ್ಟಿ ಜೋಡಣೆ ಬಂದದ್ದು ಆ ವರ್ಷಗಳಲ್ಲಿ. ಅಚ್ಚಿನ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳಬಾರದು ಅಂತ ಬೇಕಂತಲೇ ಟೈಪಿಸ್ಟನ ಕೈ ನಿಧಾನ ಮಾಡಿದ್ರು ಅನ್ನೋ ಕಥೆಯನ್ನ ಎಲ್ಲರೂ ಹೇಳ್ತಾರೆ. ಕ್ಯೋಟೋ ವಿಶ್ವವಿದ್ಯಾಲಯದ ಕೊಯಿಚಿ ಯಸುವೊಕಾ 2011ರಲ್ಲಿ ಅದನ್ನ ಪ್ರಶ್ನಿಸಿ, ಮೋರ್ಸ್ ಸಂಕೇತ ಕೇಳಿ ಟೈಪ್ ಮಾಡ್ತಿದ್ದ ಟೆಲಿಗ್ರಾಫ್ ನೌಕರರ ಅನುಕೂಲಕ್ಕೆ ತಕ್ಕ ಹಾಗೆ ಕೀಲಿಗಳು ಜಾಗ ಬದಲಿಸಿದವು ಅಂತ ವಾದಿಸಿದರು. ಕಾರಣ ಏನೇ ಇರಲಿ, ಅದು ನಿಂತುಬಿಡ್ತು. 1936ರಲ್ಲಿ ಆಗಸ್ಟ್ ಡ್ವೊರಾಕ್ ಅನ್ನೋ ಪ್ರೊಫೆಸರ್ ಬೇರೆ ಜೋಡಣೆಗೆ ಪೇಟೆಂಟ್ ಪಡೆದರು: ಸ್ವರಗಳೆಲ್ಲ ಎಡಗೈ ಕೆಳಗೆ, ಹೆಚ್ಚು ಬಳಕೆಯ ವ್ಯಂಜನಗಳು ಬಲಗೈ ಕೆಳಗೆ, ಎರಡೂ ಕೈ ಸರದಿಯಲ್ಲಿ ಕೆಲಸ ಮಾಡಬೇಕು. ಡ್ವೊರಾಕ್ ನಿಜಕ್ಕೂ ಚೆನ್ನಾಗಿದ್ದರೂ ಯಾಕೆ ಗೆಲ್ಲಲಿಲ್ಲ ಅಂತ ಅರ್ಥಶಾಸ್ತ್ರಜ್ಞ ಪಾಲ್ ಡೇವಿಡ್ 1985ರಲ್ಲಿ ಬರೆದರು, ಅಷ್ಟೇನೂ ಚೆನ್ನಾಗಿರಲಿಲ್ಲ ಬಿಡಿ ಅಂತ ಲೀಬೊವಿಟ್ಜ್ ಮತ್ತು ಮಾರ್ಗೊಲಿಸ್ 1990ರಲ್ಲಿ ಉತ್ತರ ಕೊಟ್ಟರು. ಆಫೀಸಿನಲ್ಲಿ ಡ್ವೊರಾಕೋ ಕೋಲ್‌ಮ್ಯಾಕೋ ಹಾಕ್ಕೊಂಡು ಕೂತ ಒಬ್ಬ ಸಹೋದ್ಯೋಗಿ ನಿಮಗೂ ಸಿಕ್ಕಿರ್ತಾರೆ. ಅವರ ಲ್ಯಾಪ್‌ಟಾಪ್ ಯಾರೂ ಮುಟ್ಟೋ ಹಾಗಿಲ್ಲ!

ಇಂಗ್ಲಿಷಿನವರ ಈ ಜಗಳ ಇರೋದೆಲ್ಲ 26 ಅಕ್ಷರಗಳನ್ನ ಎಲ್ಲಿ ಕೂರಿಸೋದು ಅಂತ. ಕನ್ನಡದ ಸಮಸ್ಯೆಯೇ ಬೇರೆ. ನಮಗೆ 34 ವ್ಯಂಜನ, ಒಂದೊಂದಕ್ಕೂ ಹನ್ನೆರಡು ಹದಿಮೂರು ಕಾಗುಣಿತ, ಅದರ ಕೆಳಗೆ ಒತ್ತಕ್ಷರ. ಗುಣಿಸುತ್ತಾ ಹೋದರೆ ಸಾವಿರಗಟ್ಟಲೆ ಆಕಾರ. ಟೈಪ್‌ರೈಟರ್‌ನಲ್ಲಿ ಕೀಲಿಗೆ ಎರಡು ಅಚ್ಚಿನಂತೆ ಸುಮಾರು ತೊಂಬತ್ತು ಆಕಾರ ಹಿಡಿಸಬಹುದು, ಅಷ್ಟೇ. ಹಾಗಾಗಿ ಅನಂತ ಸುಬ್ಬರಾಯರ ಹೆಸರಿನ ಕನ್ನಡ ಬೆರಳಚ್ಚು ವಿನ್ಯಾಸದಲ್ಲಿ ಅಕ್ಷರವನ್ನ ತುಂಡು ಮಾಡಲಾಯಿತು: ತಲೆಕಟ್ಟು ಬೇರೆ, ಗುಡಿಸು ಬೇರೆ, ಒತ್ತು ಬೇರೆ. ಕೆಲವು ಕೀಲಿ ಒತ್ತಿದರೆ ಕಾಗದ ಮುಂದಕ್ಕೆ ಸರಿಯೋದೇ ಇಲ್ಲ, ಹಿಂದಿನ ಅಕ್ಷರದ ಮೈಮೇಲೇ ಅಚ್ಚು ಬೀಳುತ್ತೆ. ಟೈಪಿಸ್ಟ್ ಅನ್ನೋನು ಕನ್ನಡ ಬರೆಯೋನಲ್ಲ, ಚಿತ್ರ ಜೋಡಿಸೋನು. 'ಧರ್ಮ' ಅಂತ ಹೊಡೀಬೇಕಾದರೆ ಮೊದಲು ಧ, ಆಮೇಲೆ ಮ, ಕೊನೆಗೆ ಅರ್ಕಾವೊತ್ತು. ಬಾಯಲ್ಲಿ ಮೊದಲು ಬರೋ 'ರ್' ಕೈಯಲ್ಲಿ ಕೊನೆಗೆ. ಕಚೇರಿಗಳ ಮುಂದೆ ಅರ್ಜಿ ಹೊಡೆಯುತ್ತಾ ಕೂತವರ ಬೆರಳುಗಳಲ್ಲಿ ಈ ಕ್ರಮ ಎಷ್ಟು ಗಟ್ಟಿಯಾಗಿತ್ತು ಅಂದ್ರೆ, ಕಂಪ್ಯೂಟರ್ ಬಂದ ಮೇಲೂ ತಂತ್ರಾಂಶಗಳು ಬೆರಳಚ್ಚು ವಿನ್ಯಾಸವನ್ನ ಒಂದು ಆಯ್ಕೆಯಾಗಿ ಇಟ್ಟುಕೊಳ್ಳಬೇಕಾಯ್ತು.

ಕಂಪ್ಯೂಟರಿಗೆ ಚಿತ್ರ ಜೋಡಿಸೋ ಕೆಲಸ ಬಿಟ್ಟುಕೊಟ್ಟು, ಮನುಷ್ಯ ಬರೀ ಧ್ವನಿ ಹೇಳಿದರೆ ಸಾಕು ಅಂತ ಕನ್ನಡದಲ್ಲಿ ಯೋಚನೆ ಮಾಡಿ ತೋರಿಸಿದವರು ಕೆ.ಪಿ. ರಾವ್, ಅಂದರೆ ಕಿನ್ನಿಕಂಬಳ ಪದ್ಮನಾಭ ರಾವ್. ಹುಟ್ಟಿದ್ದು 1940ರಲ್ಲಿ, ದಕ್ಷಿಣ ಕನ್ನಡದ ಕಿನ್ನಿಕಂಬಳದಲ್ಲಿ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದವರು, ಆಮೇಲೆ ಅಚ್ಚುಮೊಳೆ ಮತ್ತು ಫೋಟೋ ಟೈಪ್‌ಸೆಟ್ಟಿಂಗ್ ಜಗತ್ತಿಗೆ ಹೋದರು, ಕೊನೆಗೆ ಮಣಿಪಾಲಕ್ಕೆ ಬಂದರು. ಅಕ್ಷರದ ಆಕಾರವನ್ನೂ ವ್ಯಾಕರಣವನ್ನೂ ಒಟ್ಟಿಗೆ ಬಲ್ಲ ಅಪರೂಪದ ಎಂಜಿನಿಯರ್ ಮನಸ್ಸು. ತಾವು ಮಾಡಿದ ಕನ್ನಡ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು 'ಸೇಡಿಯಾಪು', ಪಂಡಿತ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ. ಒಂದು ಸಾಫ್ಟ್‌ವೇರಿಗೆ ಛಂದಸ್ಸು, ವ್ಯಾಕರಣದ ವಿದ್ವಾಂಸರ ಹೆಸರು! ಇವತ್ತಿನ ಸ್ಟಾರ್ಟಪ್‌ನವರು ಇಷ್ಟು ಧೈರ್ಯ ಮಾಡ್ತಾರಾ ಅಂತ ನನಗೆ ಅನುಮಾನ.

ಅವರ ಕೀಲಿಮಣೆಯ ಲೆಕ್ಕಾಚಾರ ನೋಡಿ. ಇಂಗ್ಲಿಷ್ ಕೀಬೋರ್ಡಿನಲ್ಲಿ 26 ಅಕ್ಷರ, ಶಿಫ್ಟ್ ಸೇರಿಸಿದರೆ 52 ಜಾಗ. ಕನ್ನಡ ವರ್ಣಮಾಲೆಗೆ ಅಷ್ಟು ಸಾಕು. ಅಂಕಿ, ಚಿಹ್ನೆ ಯಾವ ಕೀಲಿಯನ್ನೂ ಮುಟ್ಟಬೇಕಾಗಿಲ್ಲ. ಕೆ ಅಂದರೆ ಕ, ಶಿಫ್ಟ್ ಹಿಡಿದು ಕೆ ಅಂದರೆ ಖ. ಜಿ ಗ, ಶಿಫ್ಟ್ ಜಿ ಘ. ಟಿ ತ ಮತ್ತು ಥ, ಡಿ ದ ಮತ್ತು ಧ. ಹಾಗಾದರೆ ಟ, ಡ ಎಲ್ಲಿ? ಕನ್ನಡದಲ್ಲಿ ಕ್ಯೂ ಅನ್ನೋ ಅಕ್ಷರಕ್ಕೆ ಕೆಲಸವಿಲ್ಲ, 'ವ' ಹೇಗೂ ವಿ ಮೇಲೆ ಕೂತಿರೋದರಿಂದ ಡಬ್ಲ್ಯೂ ಕೂಡ ಖಾಲಿ. ಅಲ್ಲಿ ಟ, ಡ ಕೂತವು. ಎಕ್ಸ್ ಮೇಲೆ ಷ, ಜಡ್ ಮೇಲೆ ಞ. ಹೀಗೆ ಇಂಗ್ಲಿಷಿನವರು ಬಿಟ್ಟ ಖಾಲಿ ಮನೆಗಳಿಗೆಲ್ಲ ಬಾಡಿಗೆದಾರರು ಬಂದರು. ಇನ್ನು ಎಫ್. ನಮಗೆ ಆ ಧ್ವನಿಯೂ ಇಲ್ಲ, ಆದರೆ ಕೀಲಿ ಇರೋದು ಎಡಗೈ ತೋರುಬೆರಳಿನ ಕೆಳಗೆ, ಎಲ್ಲಕ್ಕಿಂತ ಒಳ್ಳೆ ಜಾಗ. ಅಲ್ಲಿ ಕೂರಿಸಿದ್ದು ಅರ್ಧಾಕ್ಷರದ ಚಿಹ್ನೆಯನ್ನ. ಒತ್ತಕ್ಷರ ಬೇಕಾದಾಗಲೆಲ್ಲ ಮಧ್ಯೆ ಒಂದು ಎಫ್: ನ, ಎಫ್, ನ ಅಂದರೆ ನ್ನ. 'ಧರ್ಮ' ಈಗ ಧ, ರ, ಎಫ್, ಮ. ಬಾಯಿ ಹೋದ ದಾರಿಯಲ್ಲೇ ಕೈ. ಅರ್ಕಾವೊತ್ತು ಎಲ್ಲಿ ಬೀಳಬೇಕು ಅನ್ನೋದು ಯಂತ್ರದ ತಲೆನೋವು.

ಸ್ವರಗಳ ಕಥೆಯೂ ಹೀಗೇ. ಪದದ ಮೊದಲಲ್ಲಿ ಐ ಒತ್ತಿದರೆ 'ಇ', ವ್ಯಂಜನದ ಬೆನ್ನಿಗೆ ಅದನ್ನೇ ಒತ್ತಿದರೆ ಗುಡಿಸು. ಆದರೆ 'ಅ'ಕಾರಕ್ಕೆ ಏನೂ ಒತ್ತಬೇಕಿಲ್ಲ, ಕ ಅಂದರೆ ಕ ಅಷ್ಟೇ. ಇದು ಸಣ್ಣ ವಿಷಯ ಅನ್ನಿಸುತ್ತೆ. ಕೂತು ಎಣಿಸಿದ ಮೇಲೆ ನನಗೆ ಇದೇ ಮುಖ್ಯ ವಿಷಯ ಅನ್ನಿಸಿತು. ನಮ್ಮ ಸುತ್ತಲಿನ ಊರುಗಳ ಹೆಸರನ್ನೇ ತಗೊಳ್ಳಿ. ಕಲಘಟಗಿ: ಇಂಗ್ಲಿಷ್ ಸ್ಪೆಲಿಂಗ್ ದಾರಿಯಲ್ಲಿ 11 ಒತ್ತು, ರಾವ್ ದಾರಿಯಲ್ಲಿ 6. ನವಲಗುಂದ: ಅಲ್ಲಿ 11, ಇಲ್ಲಿ 7. ಕುಂದಗೋಳ: 9 ಮತ್ತು 7. ಧಾರವಾಡ: 9 ಮತ್ತು 6. ಹಾಗಂತ ಎಲ್ಲ ಕಡೆ ರಾಯರೇ ಗೆಲ್ಲಲ್ಲ. ಅಣ್ಣಿಗೇರಿಗೆ ಸ್ಪೆಲಿಂಗಿನಲ್ಲಿ 8 ಸಾಕು, ಇಲ್ಲಿ 9 ಬೇಕು. ಹುಬ್ಬಳ್ಳಿಯೂ ಹಾಗೇ, 8ಕ್ಕೆ 9. ಒತ್ತಕ್ಷರ ಬಂದಾಗಲೆಲ್ಲ ಎಫ್ ಸುಂಕ ಕಟ್ಟಬೇಕಲ್ಲ. ಶಿಫ್ಟನ್ನ ನಾನು ಬೇರೆ ಎಣಿಸಿಲ್ಲ. ಎಣಿಸಿದರೆ ಎರಡೂ ಕಡೆ ಲೆಕ್ಕ ಏರುತ್ತೆ. ನಿಜ ಹೇಳಬೇಕಂದ್ರೆ ಈ ವಿನ್ಯಾಸದ ಬಗ್ಗೆ ನನ್ನ ದೊಡ್ಡ ತಕರಾರೇ ಅದು: ಕನ್ನಡದಲ್ಲಿ ಸೊನ್ನೆ ಇಲ್ಲದ ವಾಕ್ಯ ಸಿಗೋದು ಕಷ್ಟ, ಅಂಥ ಸೊನ್ನೆಗೆ ಶಿಫ್ಟ್ ಹಿಡಿದು ಎಂ ಒತ್ತಬೇಕು. ದೀರ್ಘಕ್ಕೂ ಶಿಫ್ಟ್, ಳ, ಣ, ಶಕ್ಕೂ ಶಿಫ್ಟ್. ಸಂಜೆ ಹೊತ್ತಿಗೆ ಕಿರುಬೆರಳು ಮಾತಾಡುತ್ತೆ.

ಈ ಶಿಫ್ಟ್ ಕಾಟ ಕಡಿಮೆ ಇರೋ ಇನ್ನೊಂದು ವಿನ್ಯಾಸ ಉಂಟು, ದಿಲ್ಲಿಯಿಂದ ಬಂದದ್ದು: ಇನ್‌ಸ್ಕ್ರಿಪ್ಟ್. ಭಾರತದ ಭಾಷೆಗಳಿಗೆಲ್ಲ ಒಂದೇ ಕೀಲಿಮಣೆ ಅನ್ನೋ ಆಸೆಯಿಂದ 1980ರ ದಶಕದಲ್ಲಿ ರೂಪುಗೊಂಡು, 1991ರ ಇಸ್ಕಿ ಮಾನದಂಡದ ಜೊತೆ ಸೇರಿಕೊಂಡಿತು. ಮಾತ್ರೆಗಳು ಎಡಗೈಗೆ, ಹೆಚ್ಚಿನ ವ್ಯಂಜನಗಳು ಬಲಗೈಗೆ. ಹಿಂದಿಯ ಕ ಎಲ್ಲಿದೆಯೋ ಕನ್ನಡದ ಕ ಅಲ್ಲೇ, ತಮಿಳಿನದೂ ಅಲ್ಲೇ. ಡ್ವೊರಾಕ್ ಅಮೆರಿಕದಲ್ಲಿ ಕಂಡ ಕನಸು ಇದೇ ಅಲ್ವಾ, ಸ್ವರ ಎಡಕ್ಕೆ, ವ್ಯಂಜನ ಬಲಕ್ಕೆ? ಅಲ್ಲಿ ಸೋತ ಯೋಚನೆ ಇಲ್ಲಿ ಸರ್ಕಾರಿ ಮಾನದಂಡ ಆಯ್ತು! ಸೊನ್ನೆ ಇಲ್ಲಿ ಶಿಫ್ಟ್ ಇಲ್ಲದೆ ಸಿಗುತ್ತೆ. ಸಂಶಿ ಇಲ್ಲೂ ನಾಲ್ಕೇ ಒತ್ತು. ಅರ್ಧಾಕ್ಷರದ ಚಿಹ್ನೆ ಇಲ್ಲೂ ಎಡಗೈಯ ನಡುಸಾಲಿನಲ್ಲೇ ಇದೆ, ಎಫ್ ಪಕ್ಕದ ಡಿ ಮೇಲೆ. ಬೇರೆ ಬೇರೆ ಕಡೆ ಕೂತು ಯೋಚಿಸಿದವರು ಒಂದೇ ಜಾಗಕ್ಕೆ ಬಂದು ನಿಂತರು, ಯಾಕಂದ್ರೆ ನಮ್ಮ ಭಾಷೆಗಳ ಮೈಕಟ್ಟೇ ಹಾಗಿದೆ. ಆದರೆ ಇನ್‌ಸ್ಕ್ರಿಪ್ಟ್‌ಗೆ 26 ಕೀಲಿ ಸಾಲಲ್ಲ, ಬ್ರಾಕೆಟ್ಟು, ಸೆಮಿಕೋಲನ್‌ಗಳನ್ನೂ ನುಂಗುತ್ತೆ. ಕೋಡ್ ಬರೆಯೋರು ಇದನ್ನ ಕೇಳಿದರೇನೇ ಬೆಚ್ಚಿಬೀಳ್ತಾರೆ.

ನನ್ನ ಅಭಿಪ್ರಾಯ ಕೇಳ್ತೀರಾ? ಇಂಗ್ಲಿಷ್ ಕೀಬೋರ್ಡ್ ಬೆರಳಿಗೆ ಹತ್ತಿದವರಿಗೆ ರಾವ್ ವಿನ್ಯಾಸ ಸುಲಭ, ಯಾಕಂದ್ರೆ ಅದು ಕ್ವರ್ಟಿಯ ಹೆಗಲ ಮೇಲೆ ಕೂತಿದೆ. ಸಂಶಿಯ ಕನ್ನಡ ಶಾಲೆಯ ಮಗುವಿಗೆ, ಎ ಎಲ್ಲಿದೆ ಬಿ ಎಲ್ಲಿದೆ ಅಂತ ಇನ್ನೂ ಹುಡುಕೋ ಮಗುವಿಗೆ, ಇನ್‌ಸ್ಕ್ರಿಪ್ಟ್ ಏನೂ ಹೆಚ್ಚು ಕಷ್ಟ ಅಲ್ಲ. ಇದನ್ನ ನಮ್ಮ ಕನ್ನಡ ಕಂಪ್ಯೂಟರ್ ಚರ್ಚೆಗಳಲ್ಲಿ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಎಲ್ಲರೂ ಇಂಗ್ಲಿಷ್ ಬಲ್ಲವರೇ ಆಗಿದ್ದರಲ್ಲ.

1990ರ ದಶಕದಲ್ಲಿ ಕನ್ನಡ ತಂತ್ರಾಂಶಗಳ ಸಂತೆಯೇ ಇತ್ತು: ಶ್ರೀಲಿಪಿ, ಆಕೃತಿ, ಪ್ರಕಾಶಕ್, ಸುರಭಿ ಹೀಗೆ. ಅಕ್ಷರಗಳಿಗೆ ಒಬ್ಬೊಬ್ಬರದು ಒಂದೊಂದು ಸಂಕೇತ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಕಸ. ಹುಬ್ಬಳ್ಳಿಯಲ್ಲಿ ಮದುವೆ ಕಾರ್ಡ್ ಕಂಪೋಸ್ ಮಾಡಿಸಿ ಫೈಲ್ ಮನೆಗೆ ತಂದರೆ ವಧುವರರ ಹೆಸರಿನ ಜಾಗದಲ್ಲಿ ಗೀಚು. 2000ದ ಸುಮಾರಿಗೆ ಕರ್ನಾಟಕ ಸರ್ಕಾರ ಈ ಗೊಂದಲಕ್ಕೆ ಕೈ ಹಾಕಿ, ಕೆ.ಪಿ. ರಾವ್ ವಿನ್ಯಾಸವನ್ನೇ ಕೀಲಿಮಣೆಯ ಮಾನಕವಾಗಿ ಒಪ್ಪಿಕೊಂಡಿತು. ರಾಯರು ಅದಕ್ಕೆ ಕಾಸು ಕೇಳದೆ ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಮೂಲಕ ಅದು ಸರ್ಕಾರಿ ಕಚೇರಿಗಳಿಗೂ ಡಿಟಿಪಿ ಅಂಗಡಿಗಳಿಗೂ ಹೋಯ್ತು. ಅದಕ್ಕೇ ಎಷ್ಟೋ ಜನ ಇದನ್ನ ನುಡಿ ಕೀಬೋರ್ಡ್ ಅಂತಾರೆ, ಇನ್ನು ಕೆಲವರು ಪರಿಷತ್ತಿನ ಮೊದಲಕ್ಷರ ಸೇರಿಸಿ ಕಗಪ ಅಂತಾರೆ. ರೂಪಿಸಿದವರ ಹೆಸರು ಹೇಳೋರು ಕಡಿಮೆ.

ಅದೇ ಹೊತ್ತಿಗೆ, 1998ರಲ್ಲಿ, ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಂತು. ಕನ್ನಡವನ್ನ ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಬರೆಯಿರಿ, ನಾನು ಕನ್ನಡ ಮಾಡಿಕೊಡ್ತೀನಿ ಅಂತು. ಕಲಿಯೋದಕ್ಕೆ ಏನೂ ಇಲ್ಲ. ಕ್ಯಾಲಿಫೋರ್ನಿಯಾದಿಂದ ಹಿಡಿದು ಕೊಲ್ಲಿ ದೇಶಗಳವರೆಗೆ ಇದ್ದ ಕನ್ನಡಿಗರು ಮೊದಲ ಸಲ ಅಮ್ಮನಿಗೆ ಕನ್ನಡದಲ್ಲಿ ಕಾಗದ ಬರೆದು ಪ್ರಿಂಟ್ ತೆಗೆದರು. ಆ ಉಪಕಾರವನ್ನ ಮರೆಯಬಾರದು. ಬರಹ ನಿಯಮದಲ್ಲಿ ಕೆ ಒತ್ತಿದರೆ ಕ್, ಎ ಸೇರಿಸಿದರೆ ಕ. ಒಂದು ರೀತಿಯಲ್ಲಿ ಇದು ವ್ಯಾಕರಣದ ಪಾಠ, ಕ್ ಜೊತೆ ಅ ಸೇರಿ ಕ. ರಾಯರ ದಾರಿ ಒಂದನೇ ಕ್ಲಾಸಿನ ಕಾಗುಣಿತ. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಜಾಗ ಕೊಟ್ಟಾಗ ಅನುಸರಿಸಿದ್ದು ಇಸ್ಕಿಯ ದಾರಿ, ಅಂದರೆ ಕಾಗುಣಿತದ್ದೇ. ಇವತ್ತು ನಿಮ್ಮ ಫೈಲಿನಲ್ಲಿ ಸಂಶಿ ಅನ್ನೋದು ನಾಲ್ಕು ಸಂಕೇತ: ಸ, ಸೊನ್ನೆ, ಶ, ಗುಡಿಸು. ಬೆರಳು ಒತ್ತಿದ್ದೂ ಅದೇ ನಾಲ್ಕು.

2012ರಲ್ಲಿ ಆಂಡ್ರಾಯ್ಡ್ 4.1 ಕನ್ನಡ ಕಲಿತ ಮೇಲೆ ಆಟ ಬದಲಾಯ್ತು. ಈಗಿನ ಫೋನುಗಳು ಸ್ಪೆಲಿಂಗ್ ನಿಯಮವನ್ನೂ ಕೇಳಲ್ಲ. ಹೇಗಾದರೂ ಬರೆಯಿರಿ, ನಾನು ಊಹಿಸ್ತೀನಿ ಅನ್ನುತ್ವೆ. ಬೆಂಗಳೂರಿನಲ್ಲಿ ಕೂತು "ನಾಳೆ ಬರುತ್ತೇನೆ" ಅಂತ ಬರೆಯೋರಿಗೆ ಇದಕ್ಕಿಂತ ಸುಖ ಇಲ್ಲ. ಆದರೆ ನನ್ನ ಮನೆ ಗ್ರೂಪಿನಲ್ಲಿ ಯಾರೂ ಬರುತ್ತೇನೆ ಅನ್ನಲ್ಲ. 'ಬರಾಕತ್ತೀನಿ' ಅಂತೀವಿ. 'ಹೊಂಟೀನಿ', 'ಹೋಗೂಣು', 'ಹ್ಯಾಂಗದೀರಿ', 'ಮಾಡ್ಯಾನ' ಅಂತೀವಿ. ನನ್ನ ಫೋನಿನ ಒಂದು ಊಹೆಗಾರ ಕೀಬೋರ್ಡ್ (ಹೆಸರು ಬೇಡ) 'ಬರಾಕತ್ತೀನಿ' ಅಂದ ಕೂಡಲೇ ನನಗೆ ಕನ್ನಡ ಬರಲ್ಲ ಅಂದುಕೊಂಡು 'ಬರುತ್ತೀನಿ' ಮಾಡಿಕೊಡ್ತಿತ್ತು. ಅವ್ವನಿಗೆ ಕಳಿಸಿದರೆ, "ಏನಪಾ, ಟೀವಿಯವರಂಗ ಮಾತಾಡಾಕತ್ತಿ?" ಅಂತ ಕೇಳಿದಳು. ಊಹೆ ಮಾಡೋ ಯಂತ್ರಕ್ಕೆ ನಿಘಂಟು ಬೇಕು, ನಿಘಂಟಿಗೆ ಅಚ್ಚಾದ ಪಠ್ಯ ಬೇಕು, ಅಚ್ಚಿನಲ್ಲಿ ಸಂಶಿಯ ಮಾತು ಎಷ್ಟಿದೆ? ಬಳಸ್ತಾ ಹೋದರೆ ಅದು ನಮ್ಮ ಪದ ಕಲಿಯುತ್ತೆ, ನಿಜ. ಅಲ್ಲಿವರೆಗೆ ಪ್ರತಿ ಮೆಸೇಜಿನಲ್ಲೂ ಅದರ ಜೊತೆ ಗುದ್ದಾಡಬೇಕು. ಗುದ್ದಾಡೋಕೆ ಬೇಜಾರಾದ ದಿನ ಅದು ಕೊಟ್ಟ ಪದವನ್ನೇ ಒಪ್ಪಿಕೊಂಡು ಕಳಿಸಿಬಿಡ್ತೀವಿ. ನಮ್ಮ ಕಡೆ ಮಾತು ಬರಹದಿಂದ ಜಾರೋದು ಹೀಗೆ, ಯಾರೂ ನಿಷೇಧ ಮಾಡಬೇಕಾಗಿಲ್ಲ.

ಕೆ.ಪಿ. ರಾವ್ ಕೀಲಿಮಣೆಗೆ ನಿಘಂಟೇ ಇಲ್ಲ. ಬ, ರ, ದೀರ್ಘ, ಕ, ತ, ಎಫ್, ತ, ಗುಡಿಸಿನ ದೀರ್ಘ, ನ, ಗುಡಿಸು ಅಂತ ಒತ್ತಿದರೆ 'ಬರಾಕತ್ತೀನಿ'. ಅದಕ್ಕೆ ಮೈಸೂರೂ ಗೊತ್ತಿಲ್ಲ, ಧಾರವಾಡವೂ ಗೊತ್ತಿಲ್ಲ. ನಾನು ಆಫೀಸ್ ಲ್ಯಾಪ್‌ಟಾಪಿನಲ್ಲಿ ಇದಕ್ಕೆ ಬದಲಾಗಿದ್ದು ವೇಗಕ್ಕೆ ಅಲ್ಲ, ಇದಕ್ಕೆ. ಮೊದಲ ವಾರ ಒಂದು ಸಾಲಿಗೆ ಐದು ನಿಮಿಷ. ಟ ಬೇಕಾದಾಗ ಬೆರಳು ಟಿಗೆ ಓಡಿ ತ ಬೀಳೋದು. ಮೂರನೇ ವಾರದಲ್ಲಿ ಒಂದು ದಿನ ಗಮನಿಸಿದೆ, ಮನಸ್ಸಿನಲ್ಲಿ ಇಂಗ್ಲಿಷ್ ಸ್ಪೆಲಿಂಗ್ ಓಡೋದು ನಿಂತಿತ್ತು. ಶ ಅಂದರೆ ಶ, ಎಸ್ಸೂ ಇಲ್ಲ, ಎಚ್ಚೂ ಇಲ್ಲ. ಇನ್ನೊಂದು ಅಡ್ಡಪರಿಣಾಮ: ಅಲ್ಪಪ್ರಾಣ, ಮಹಾಪ್ರಾಣ ಬೆರಳಿಗೇ ಗೊತ್ತಾಗಿಬಿಡುತ್ತೆ. ಧಾರವಾಡದ 'ಧ'ಕ್ಕೆ ಶಿಫ್ಟ್ ಹಿಡೀಬೇಕು, ದಾರಿಯ 'ದ'ಕ್ಕೆ ಬೇಡ.

ಬದಲಾಗಬೇಕು ಅನ್ನೋರಿಗೆ ಒಂದೆರಡು ಮಾತು. ಲಿನಕ್ಸ್‌ನಲ್ಲಿ ಏನೂ ಇಳಿಸಿಕೊಳ್ಳಬೇಕಿಲ್ಲ, ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕಗಪ ಅಂತಲೇ ಸಿಗುತ್ತೆ. ವಿಂಡೋಸ್‌ನಲ್ಲಿ ಎಕ್ಸ್‌ಪಿ ಕಾಲದಿಂದ ಕೂತಿರೋದು ಇನ್‌ಸ್ಕ್ರಿಪ್ಟ್, ರಾವ್ ವಿನ್ಯಾಸಕ್ಕೆ ನುಡಿಯಂಥದ್ದನ್ನ ಹಾಕ್ಕೋಬೇಕು, ಆಗ ಯೂನಿಕೋಡ್ ಆಯ್ಕೆ ಮಾಡಿದೀರಾ ಅಂತ ನೋಡಿಕೊಳ್ಳಿ. ಇಲ್ಲಾಂದ್ರೆ ಮತ್ತೆ ಮದುವೆ ಕಾರ್ಡಿನ ಗೀಚು. ಕೀಲಿಗಳ ಮೇಲೆ ಸ್ಟಿಕ್ಕರ್ ಅಂಟಿಸಬೇಡಿ, ಕಣ್ಣು ಕೆಳಗೆ ಹೋಗೋ ಚಟ ಬಿಡಲ್ಲ. ಫೋನಿನಲ್ಲಿ ಮಾತ್ರ ನಾನು ಇದನ್ನ ಬಿಟ್ಟಿದೀನಿ. ಒಂದೇ ಹೆಬ್ಬೆರಳಲ್ಲಿ ಶಿಫ್ಟ್ ಒತ್ತೋದು ಆಗದ ಮಾತು. ಅಲ್ಲಿ ಕನ್ನಡ ಅಕ್ಷರಗಳೇ ಸಾಲಾಗಿ ಕಾಣೋ ಕೀಬೋರ್ಡ್ ಇಟ್ಟುಕೊಂಡು, ಊಹೆಯ ಪಟ್ಟಿಯನ್ನ ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಿದೀನಿ. ಅವ್ವ ಆ ತಂಟೆಗೇ ಹೋಗಿಲ್ಲ, ವಾಯ್ಸ್ ಮೆಸೇಜ್ ಕಳಸ್ತಾಳ.